ಒಳಗಿನ ಚಿಲಕ

ದೇವರ ಮುಂದೆ ದೀಪ ಹಚ್ಚಿಟ್ಟು, ಅದರ ಬೆಳಕಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಉರಿಯುವ ದೀಪದ ಎದುರು ಸುಳ್ಳಾಡಿದವಳ ಬಾಯಿಗೆ ಅನ್ನ ರುಚಿಸುವುದಿಲ್ಲ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ನನಗೆ ಅನ್ನ ಇನ್ನೂ ರುಚಿಸುತ್ತದೆ. ನನ್ನ ಹತ್ತಿರ ಇರುವ ಸಾಕ್ಷಿ ಅಷ್ಟೇ.

ಹೆಂಗಸು, ನಿದ್ದೆಗಣ್ಣು, ಹೊಸ ಜಾಗ ಎಂದು ಯಾರಾದರೂ ನಕ್ಕರೆ ನಗಲಿ. ನಮ್ಮ ಮನೆಯವರೂ ಮೊದಲು ಹಾಗೇ ನಕ್ಕಿದ್ದರು. ಈಗ ರಾತ್ರಿ ಬಾಗಿಲು ಹಾಕಿದ ಮೇಲೆ ಚಿಲಕವನ್ನು ಎರಡೆರಡು ಸಲ ಮುಟ್ಟಿ ನೋಡುವವರು ಅವರೇ.

ಯುದ್ಧದ ಕಾಲ. ಧಾರವಾಡದಿಂದ ಪುಣೆಗೆ ಬಂದು ನಮಗೆ ಎಂಟು ತಿಂಗಳಾಗಿತ್ತು. ಶನಿವಾರ ಪೇಟೆಯ ಹಳೆಯ ವಾಡೆಯೊಂದರ ಮಹಡಿಯಲ್ಲಿ ಒಂದೇ ಕೋಣೆ. ನೀರನ್ನು ಅಂಗಳದ ಕಲ್ಲಿನ ತೊಟ್ಟಿಯಿಂದ ಹೊತ್ತು ತರಬೇಕು. ಇವರು ಒಬ್ಬ ಶೇಠರ ಕಟ್ಟಿಗೆ ವಖಾರಿಯಲ್ಲಿ ಗುಮಾಸ್ತರಾಗಿದ್ದರು. ಪೆಟ್ರೋಲ್ ಸಿಗದೆ ಮೋಟಾರುಗಳು ಇದ್ದಲಿಯ ಹೊಗೆಯಿಂದ ಓಡುತ್ತಿದ್ದ ದಿನಗಳು ಅವು. ಎಲ್ಲಿ ನಾಲ್ಕು ಮರ ಕಂಡರೂ ಶೇಠರು ಅಲ್ಲೊಂದು ಇದ್ದಲಿ ಭಟ್ಟಿ ಹಾಕಿಸುತ್ತಿದ್ದರು.

ನನ್ನ ಮರಾಠಿ ಕಾಯಿಪಲ್ಯೆಯವಳ ಜೊತೆ ಚೌಕಾಶಿ ಮಾಡುವಷ್ಟು. ಕೇಳಿದ್ದರಲ್ಲಿ ಅರ್ಧ ತಿಳಿಯುತ್ತಿತ್ತು, ತಿಳಿಯದ ಇನ್ನರ್ಧಕ್ಕೆ "ಹೂಂ" ಅನ್ನುತ್ತಿದ್ದೆ. ವಾಡೆಯ ಹೆಂಗಸರು ನನಗೆ "ಹೂಂಬಾಯಿ" ಎಂದೇ ಹೆಸರಿಟ್ಟಿದ್ದರು. ನಗುತ್ತಾ ಕರೆಯುತ್ತಿದ್ದರು, ಮೂಗು ಮುರಿದು ಕರೆಯಲಿಲ್ಲವಲ್ಲ, ಅದೂ ಒಂದು ಉಪಕಾರ.

ಉಪಕಾರ ಎಣಿಸುವುದು ನನ್ನ ರೂಢಿ. ಮಲಗುವ ಮುನ್ನ ಆ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತೇನೆ. ಹಾಲು ಒಡೆಯಲಿಲ್ಲ, ಒಂದು. ಮೆಟ್ಟಿಲ ಮೇಲೆ ಕಾಲು ಜಾರಿದರೂ ಕೊಡ ಉಳಿಯಿತು, ಎರಡು. ಐದು ಸಿಕ್ಕರೆ ನಿದ್ದೆ ಬರುತ್ತದೆ.

ಒಂದು ಸಂಜೆ ಇವರು ವಖಾರಿಯಿಂದ ಬಂದವರು ಟೊಪ್ಪಿಗೆಯನ್ನೂ ತೆಗೆಯದೆ ಗೋಡೆಗೆ ಒರಗಿ ಕುಳಿತರು.

"ಏನಾತ್ರೀ?"

"ಶೇಠರು ಒಂದು ಕೆಲಸಾ ಹೇಳ್ಯಾರ. ನಿನಗ."

"ನನಗ? ಕಟ್ಟಿಗಿ ಕಡೀಲಿಕ್ಕೆ ಹೇಳ್ಯಾರೇನು?"

ಇವರು ನಗಲಿಲ್ಲ. "ಒಂದು ದೇವರಾಯಿಗೆ ಹೋಗಬೇಕಾಗ್ಯದ."

ನಮ್ಮ ಕಡೆ ಆಯಿ ಎಂದರೆ ಅಜ್ಜಿ. "ಯಾವ ದೇವರ ಆಯಿರೀ? ಭಾಳ ವಯಸ್ಸಾಗ್ಯದೇನು ಆಕಿಗೆ?" ಎಂದುಬಿಟ್ಟೆ. ಆಗ ಮಾತ್ರ ನಕ್ಕರು. ದೇವರಾಯಿ ಎಂದರೆ ಮರಾಠಿಯಲ್ಲಿ ದೇವರ ಕಾಡಂತೆ. ಆಮೇಲೆ ಉಳಿದದ್ದನ್ನೂ ಹೇಳಿದರು.

ಪುಣೆಯ ಪಶ್ಚಿಮಕ್ಕೆ, ಬೆಟ್ಟದ ಬುಡದಲ್ಲಿ ಒಂದು ಸಣ್ಣ ಊರು. ಹೆಸರು ಬರೆಯುವುದಿಲ್ಲ. ಆ ಊರಿನವರು ತಮ್ಮ ದೇವಿಗೆಂದು ಒಂದು ಕಾಡು ಬಿಟ್ಟಿದ್ದರು. ಮುತ್ತಜ್ಜಂದಿರ ಕಾಲದಿಂದ ಅದಕ್ಕೆ ಕೊಡಲಿ ಬಿದ್ದಿರಲಿಲ್ಲ. ಶೇಠರು ಎಲ್ಲೆಲ್ಲೋ ಓಡಾಡಿ ಅದನ್ನು ಕಡಿಯಲು ಕಾಗದ ಮಾಡಿಸಿಕೊಂಡಿದ್ದರು. ಆದರೆ ಊರವರ ಒಪ್ಪಿಗೆಯಿಲ್ಲದೆ ಆ ಸೀಮೆಯ ಒಬ್ಬ ಕೂಲಿಯೂ ಕೊಡಲಿ ಎತ್ತುತ್ತಿರಲಿಲ್ಲ. ಊರವರದು ಒಂದೇ ಮಾತು: ಕಾಗದ ನಿಮ್ಮದಿರಬಹುದು, ಮರ ಆಕೆಯದು. ಆಕೆಯನ್ನೇ ಕೇಳಿರಿ.

ಕೇಳುವುದೆಂದರೆ ಕೌಲು ಕೇಳುವುದು. ದೇವಿಯ ಎರಡು ಭುಜಕ್ಕೂ ಒಂದೊಂದು ಹೂವಿನ ಎಸಳನ್ನು ನೀರಿನಿಂದ ಅಂಟಿಸುತ್ತಾರೆ. ಬಲಗಡೆಯದು ಉದುರಿದರೆ ಆಗಲಿ ಎಂದು, ಎಡಗಡೆಯದು ಉದುರಿದರೆ ಕೂಡದು ಎಂದು.

"ಅದಕ್ಕ ನಾ ಯಾಕ್ರೀ?"

"ಅವರ ಪದ್ಧತಿ ಹಂಗದ. ಕೌಲು ಕೇಳೂ ಹಿಂದಿನ ರಾತ್ರಿ, ಕಲ್ಲಿಗೆ ಹಾಕೂ ದೇವಿ ಹಿತ್ತಾಳಿ ಮುಖಾ ಪೂಜಾರಿ ಮನ್ಯಾಗ ಇರ್ತದಂತ. ಕೇಳವರ ಕಡೀಂದ ಒಬ್ಬಾಕಿ ಮುತ್ತೈದಿ ಹೋಗಿ ಆಕಿ ಉಡಿ ತುಂಬಿ, ಆ ರಾತ್ರಿ ಅಲ್ಲೇ ಮಲಗಬೇಕಂತ. ಶೇಠಾಣಿ ಒಲ್ಲೆ ಅಂದ್ಲು."

"ಕೌಲು ಬರಲಿಲ್ಲಾ ಅಂದ್ರ?"

ಇವರು ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. "ಬಂದ್ರ ನನ್ನ ಕೆಲಸಾ ಕಾಯಂ. ಬರಲಿಲ್ಲಂದ್ರ ವಖಾರಿ ಕಡೆ ಹಾಯೂದ ಬ್ಯಾಡ ಅಂದಾರ."

ಪರಊರು, ಬೇರೆ ಆಸರೆಯಿಲ್ಲ. ನಾನು "ಹೂಂ" ಅಂದೆ.

ಮರುದಿನ ಬಸ್ಸಿನಲ್ಲಿ ಹೋಗುವಷ್ಟು ಹೋಗಿ, ಅಲ್ಲಿಂದ ಎತ್ತಿನ ಗಾಡಿ. ನಾನು, ಇವರು, ಶೇಠರ ಮುಕಾದಮ. ಈ ಮುಕಾದಮ ಕೂಲಿಗಳ ಮೇಲಿನ ಮೇಸ್ತ್ರಿ, ಬಾಯಲ್ಲಿ ಸದಾ ಎಲೆ ಅಡಿಕೆ. ಊರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು.

ಸುತ್ತೆಲ್ಲ ಬೋಳು ಗುಡ್ಡ. ನಡುವೆ ಅದೊಂದೇ ಕಾಡು, ಬೊಗಸೆಯಲ್ಲಿ ಹಿಡಿದಿಟ್ಟ ಕತ್ತಲಿನ ಹಾಗೆ. ಊರವರು ಗಡಿಗಲ್ಲಿನ ಬಳಿಯೇ ಚಪ್ಪಲಿ ಬಿಡಿಸಿದರು. ಒಳಗೆ ಕಾಲಿಟ್ಟೊಡನೆ ಮೈಗೆ ತಂಪು ಬಡಿಯಿತು. ಕೊಳೆತ ಎಲೆಯ ವಾಸನೆ, ಎಲ್ಲೋ ಒರತೆಯ ನೀರು ತೊಟ್ಟಿಕ್ಕುವ ಸದ್ದು... ಮರಗಳು ನಾಲ್ಕು ಜನ ಕೈ ಕೂಡಿಸಿದರೂ ತಬ್ಬಲಾರದಷ್ಟು ದಪ್ಪ. ನಡುವೆ ಸಿಂಧೂರ ಬಳಿದ ಒಂದು ಕಲ್ಲು. ಗುಡಿಯಿಲ್ಲ, ಮೇಲೊಂದು ಸೂರೂ ಇಲ್ಲ.

ಪೂಜಾರಿ ಒಬ್ಬ ಮುದುಕ. ಅಲ್ಲಿ ಪೂಜಾರಿಗೆ ಗುರವ ಅನ್ನುತ್ತಾರೆ. ಅವನ ಹೆಂಡತಿಯನ್ನು ಊರಿಗೆ ಊರೇ ಆಜೀ ಎಂದು ಕರೆಯುತ್ತಿತ್ತು. ಅವರಾಡಿದ್ದೆಲ್ಲ ಮರಾಠಿಯಲ್ಲಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ತಿಳಿಯದ್ದನ್ನು ಇವರು ನನಗೆ ಬಿಡಿಸಿ ಹೇಳಿದ್ದರು.

ಮುಕಾದಮ ಹಲ್ಲಿನ ಸಂದಿಯ ಅಡಿಕೆ ತೆಗೆಯಲು ನೆಲದಿಂದ ಒಂದು ಕಡ್ಡಿ ಎತ್ತಿಕೊಂಡ. ಆಜಿ ತಟ್ಟನೆ ಅವನ ಮಣಿಕಟ್ಟು ಹಿಡಿದಳು.

"ಇಡು. ಎಲ್ಲಿತ್ತೋ ಅಲ್ಲೇ ಇಡು."

"ಒಣಾ ಕಡ್ಡಿ, ಆಜೀ!"

"ಒಣಗಿದ್ದೂ ಆಕಿದೇ. ನಿನ್ನ ಹಲ್ಲು ಒಣಗಿ ಉದುರಿದ ಮ್ಯಾಲ ಬ್ಯಾರೇದವರಿಗೆ ಕೊಡ್ತೀಯೇನು?"

ಎಲ್ಲರೂ ನಕ್ಕರು. ಆದರೆ ಕಾಡಿನಂಚಿನ ತನ್ನ ಮನೆಯಲ್ಲಿ ಅವಳು ಅಡುಗೆಗೆ ಕುಳಿತಾಗ ನೋಡಿದೆ: ಹತ್ತು ಹೆಜ್ಜೆಯಾಚೆ ರಾಶಿ ಪುಳ್ಳೆ ಬಿದ್ದಿದ್ದರೂ ಅವಳ ಒಲೆಯಲ್ಲಿ ಉರಿಯುತ್ತಿದ್ದದ್ದು ಸೆಗಣಿಯ ಕುಳ್ಳು.

ರಾತ್ರಿ ಇವರು, ಮುಕಾದಮ, ಗುರವ ಕಾಡಿನಲ್ಲಿ ಕಲ್ಲಿನ ಕಾವಲಿಗೆ ಹೋದರು. ನನಗೆ ಮನೆಯ ಒಳಕೋಣೆ. ಕಿಟಕಿಯಿಲ್ಲದ ಮಣ್ಣಿನ ಗೋಡೆ, ಒಂದೇ ಬಾಗಿಲು. ಗೂಡಿನಲ್ಲಿ ದೇವಿಯ ಹಿತ್ತಾಳೆಯ ಮುಖ, ಮುಂದೆ ಎಣ್ಣೆಯ ದೀಪ. ನಾನು ಖಣ, ತೆಂಗಿನಕಾಯಿ, ಅರಿಸಿನ ಕಲಸಿದ ಅಕ್ಕಿ ಇಟ್ಟು ಉಡಿ ತುಂಬಿದೆ. "ತಾಯೀ, ಇವರ ಕೆಲಸ ಉಳಿಸು" ಎಂದೆ. ಬೇರೇನನ್ನೂ ಬೇಡಲಿಲ್ಲ. ಹೊರಗಿನ ಮರಗಳ ನೆನಪು ನನಗೆ ಬರಲೇ ಇಲ್ಲ, ಇದನ್ನು ಮುಚ್ಚಿಡುವುದಿಲ್ಲ.

ಆಜಿ ಹೊರಗಿನ ಜಗಲಿಯ ಮೇಲೆ ಹೊಸ್ತಿಲಿಗೆ ಅಡ್ಡ ಮಲಗಿದಳು. ಆ ರಾತ್ರಿ ಉಡಿ ತುಂಬಿದವಳ ಹೊರತು ಬೇರೆ ಯಾರೂ ಒಳಗೆ ಮಲಗುವ ಹಾಗಿಲ್ಲವಂತೆ. ಒಳಗಿನಿಂದ ಹಾಕಿಕೋ ಎಂದು ಕೈಸನ್ನೆ ಮಾಡಿದಳು. ಕಬ್ಬಿಣದ ಸರಪಳಿಯ ಚಿಲಕ. ಎತ್ತಿ ಕೊಂಡಿಗೆ ಸಿಕ್ಕಿಸಿದೆ.

ಗೋಡೆಗೆ ಒರಗಿ ಉಪಕಾರ ಎಣಿಸಿದೆ. ಗಾಡಿ ಉರುಳಲಿಲ್ಲ. ಬಿಸಿ ರೊಟ್ಟಿ ಸಿಕ್ಕಿತು. ಆಜಿ ಹೊದೆಯಲು ಕಂಬಳಿ ಕೊಟ್ಟಳು. ದೀಪಕ್ಕೆ ಎಣ್ಣೆ ಸಾಕಷ್ಟಿದೆ. ಐದನೆಯದನ್ನು ಹುಡುಕುತ್ತಾ ಕಣ್ಣು ಮುಚ್ಚಿತು...

ಎಚ್ಚರಾದಾಗ ಮೊದಲು ತಿಳಿದದ್ದು ಸದ್ದಲ್ಲ, ಸದ್ದು ಇಲ್ಲದ್ದು. ಮಲಗುವಾಗ ಕಾಡಿನ ಜೀರುಂಡೆಗಳು ಕಿವಿ ತುಂಬಿದ್ದವು. ಈಗ ಒಂದೂ ಇಲ್ಲ. ಆಮೇಲೆ ವಾಸನೆ... ಅರಿಸಿನ, ಎಣ್ಣೆಯ ವಾಸನೆಯ ಅಡಿಯಿಂದ ಕೊಳೆತ ಎಲೆಯ, ಹಸಿ ತೊಗಟೆಯ ವಾಸನೆ ಮೇಲೇಳುತ್ತಿತ್ತು. ಮುಚ್ಚಿದ ಕೋಣೆಯಲ್ಲಿ!

ಆಗ ಒಂದು ಹೆಣ್ಣುದನಿ.

"ಕಡಿ... ಕಾಡು..."

ನನ್ನ ಮೈ ನವಿರೆದ್ದಿತು. ನಮ್ಮ ಮಾತು! ಈ ಗುಡ್ಡದ ಬುಡದಲ್ಲಿ, ಈ ಹೊತ್ತಿನಲ್ಲಿ, ಅಚ್ಚ ಕನ್ನಡ. ಕಡಿ ಎಂದರೆ ಕತ್ತರಿಸು. ನಾವು ಮನೆಯಲ್ಲಿ ಅಡವಿ ಅನ್ನುತ್ತೇವೆ. ಕಾಡು ಎನ್ನುವುದು ಪುರಾಣ ಹೇಳುವವರ ಬಾಯಲ್ಲಿ ಕೇಳಿದ ಮಾತು. ದೇವಿಯಲ್ಲವೇ, ಪುರಾಣದ ಮಾತೇ ಆಡುತ್ತಾಳೆ ಅಂದುಕೊಂಡೆ.

"ಕಡಿ... ಕಾಡು...?"

ಎರಡನೆಯ ಸಲ ಕೊನೆಯಲ್ಲಿ ದನಿ ಸ್ವಲ್ಪ ಮೇಲಕ್ಕೆ ಹೋಯಿತು. ಹೊರಡಲು ಅಣಿಯಾಗಿ ನಿಂತವಳು, ಮನೆಯವರ ಒಂದು ಮಾತಿಗಾಗಿ ಕಾಯುವ ಹಾಗೆ... ದಣಿದ ದನಿ. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲವೇನೋ.

ಮೂರನೆಯ ಸಲವೂ ಕೇಳಿತು.

ನಾನು ಎರಡೂ ಕೈ ಜೋಡಿಸಿದೆ. ಕಣ್ಣಲ್ಲಿ ನೀರು. ಕೌಲು ಸಿಕ್ಕಿತು, ಇವರ ಕೆಲಸ ಉಳಿಯಿತು, ದೇವಿ ನನ್ನ ಮಾತಿನಲ್ಲೇ ಹೇಳಿದಳು.

"ಹೂಂ, ತಾಯೀ" ಅಂದೆ.

ಸರಪಳಿ ಕಿಣಿಕಿಣಿ ಅಂದಿತು. ತಾನಾಗಿಯೇ ಕೊಂಡಿಯಿಂದ ಮೇಲೆದ್ದು, ಬಾಗಿಲಿಗೆ ಬಡಿದು ಜೋತುಬಿದ್ದಿತು. ಬಾಗಿಲು ನಿಧಾನವಾಗಿ ತೆರೆಯಿತು. ದೀಪದ ಕುಡಿ ಬಾಗಿಲಿನ ಕಡೆಗೆ ಉದ್ದಕ್ಕೆ ಬಾಗಿತು. ಯಾರಾದರೂ ಒಳಗೆ ಬರುತ್ತಾರೆ ಎಂದು ಉಸಿರು ಹಿಡಿದು ಕಾದೆ. ಯಾರೂ ಬರಲಿಲ್ಲ. ನೆಲದ ಮೇಲೆ ಅಕ್ಕಿ ಕಾಳು ಉದುರುವಂಥ ಸಣ್ಣ ಸದ್ದು ಮಾತ್ರ... ಅದೂ ನಿಂತಿತು. ಕುಡಿ ನೆಟ್ಟಗಾಯಿತು. ವಾಸನೆ ಹೋಗಿತ್ತು.

ಎದ್ದು ಬಾಗಿಲು ಹಾಕುವ ಧೈರ್ಯವಾಗಲಿಲ್ಲ. ಬೆಳಗಿನ ತನಕ ದೀಪ ಆರಲಿಲ್ಲ. ಅದನ್ನೇ ಐದನೆಯ ಉಪಕಾರವೆಂದು ಎಣಿಸಿದೆ.

ಬೆಳಗಾದ ಮೇಲೆ ಇವರು ಬಂದಾಗ ಓಡಿಹೋಗಿ, ದೇವಿ ಕಾಡು ಕಡಿ ಅಂದಳು ಎಂದು ಹೇಳಿದೆ. ಇವರ ಮುಖ ಅರಳಿತು. ಮುಕಾದಮನಂತೂ ಕೇಳಿದವನೇ ಊರನ್ನೆಲ್ಲ ಕಾಡಿನ ಕಲ್ಲಿನ ಮುಂದೆ ಸೇರಿಸಿದ.

"ದೇವಿ ಬಾಯಿಬಿಟ್ಟು ಹೇಳ್ಯಾಳ! ಕಾಡು ಕಡಿ ಅಂತ! ಅದೂ ಗುಮಾಸ್ತರ ಹೆಂಡ್ತಿ ಭಾಷಾದಾಗ! ಇನ್ನ ಹೂವು ಯಾಕ, ನೀರು ಯಾಕ?"

ಒಬ್ಬ ಹೆಂಗಸು ಮರಕ್ಕೆ ಕೈ ಹಚ್ಚಿ ಅಳತೊಡಗಿದಳು. ಗುರವ ನನ್ನ ಕಡೆ ತಿರುಗಿದ.

"ಆಕಿ ಹೇಳಿದ ಮೇಲೆ ನಾವು ಯಾರು? ಆದ್ರ ಬಾಯೀ, ಆ ಮಾತು ಹೆಂಗಿತ್ತೋ ಹಂಗ ನಮಗೊಮ್ಮೆ ಕೇಳಿಸು."

ಸೆರಗು ತಲೆಯ ಮೇಲೆ ಎಳೆದುಕೊಂಡು, ಕೇಳಿದ ರಾಗದಲ್ಲೇ ಹೇಳಿದೆ, ಕೊನೆಗೆ ದನಿ ಏರಿಸಿ.

ಮುಕಾದಮನ ಬಾಯಿ ಎಲೆ ಅಗಿಯುವುದನ್ನು ನಿಲ್ಲಿಸಿತು. ಆಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಏನೂ ತಿಳಿಯದೆ ಇವರ ಮುಖ ನೋಡಿದೆ. ಇವರ ಬಣ್ಣವೂ ಇಳಿದಿತ್ತು.

"ಏನ್ರೀ?"

"ಅದು ಕನ್ನಡ ಅಲ್ಲ," ಎಂದರು ಮೆಲ್ಲಗೆ. "ಮರಾಠಿ. ಕಡೀ ಕಾಢೂ? ಕಡೀ ಅಂದ್ರ ಚಿಲಕಾ. ಕಾಢೂ ಅಂದ್ರ ತಗೀಲೇನು ಅಂತ. ಚಿಲಕಾ ತಗೀಲೇನು... ಅಂತ ಕೇಳ್ಯಾಳ."

"ನೀ ಏನಂದಿ?" ಎಂದಳು ಆಜಿ.

"ಹೂಂ ಅಂದೆ."

ಇವರು ಸಮಾಧಾನ ಹೇಳುವವರ ಹಾಗೆ, "ಯಾರೋ ಹೊರಗಿಂದ ಕೇಳಿರಬೇಕು ಬಿಡು," ಎಂದರು.

"ಹೊರಗ ನಾ ಮಲಗಿದ್ದೆ," ಎಂದಳು ಆಜಿ. "ಹೊಸ್ತಲಕ್ಕ ಅಡ್ಡ. ಮತ್ತ ಸಾಹೇಬ, ಚಿಲಕಾ ಇರೂದು ಒಳಗ. ಹೊರಗಿದ್ದಾಕಿ ತಗಿ ಅಂತಾಳ. ತಗೀಲೇನು ಅಂತ ಕೇಳಾಕಿ... ಒಳಗ ಇದ್ದಾಕಿ."

ಒಳಗೆ ನಾನೊಬ್ಬಳೇ ಇದ್ದೆ. ನಾನು, ಮತ್ತು ಗೂಡಿನಲ್ಲಿ ಆ ಮುಖ.

ದೀಪದ ಕುಡಿ ಬಾಗಿಲ ಕಡೆಗೆ ಬಾಗಿದ್ದು ಆಗ ನೆನಪಾಯಿತು. ಗಾಳಿ ಹೊರಗಿನಿಂದ ಬಂದಿದ್ದರೆ ಅದು ಗೋಡೆಯ ಕಡೆಗೆ ಬಾಗಬೇಕಿತ್ತು.

ಮನೆಗೆ ಹೋಗಿ ನೋಡಿದರು. ಉಡಿಯ ಅಕ್ಕಿ ಗೂಡಿನಲ್ಲಿರಲಿಲ್ಲ. ಹಳದಿ ಕಾಳು ಒಂದೊಂದಾಗಿ ಗೂಡಿನ ಕೆಳಗಿನಿಂದ ಹೊಸ್ತಿಲಿನವರೆಗೆ ಸಾಲಾಗಿ ಬಿದ್ದಿದ್ದವು.

"ಉಡಿ ತುಂಬಿದಿ. ಹೂಂ ಅಂದಿ," ಎಂದಳು ಆಜಿ. ಬೈಗುಳವಿರಲಿಲ್ಲ ಆ ಮಾತಿನಲ್ಲಿ. "ಮಗಳನ್ನ ಕಳಿಸೂದು ಹಿಂಗೇ ಅಲ್ಲೇನು? ಕೇಳಬಾರದ್ದನ್ನ ಗಂಡಸರು ಕೇಳಿದ್ರ, ಹೆಣ್ಣಮಕ್ಕಳು ಉತ್ತರಾ ಕೊಡೂದಿಲ್ಲ. ಎದ್ದು ಹೊರಗ ಹೋಗ್ತಾರ."

ಆದರೂ ಕೌಲು ಕೇಳಿದರು. ಮುಖವನ್ನು ಕಲ್ಲಿಗೆ ಇಟ್ಟು, ಎರಡು ಎಸಳು ಅಂಟಿಸಿದರು. ಬೆಳಗು ಹೋಗಿ ಮಧ್ಯಾಹ್ನವಾಯಿತು. ನೀರು ಆರಿತು. ಗಾಳಿ ಬೀಸಿತು. ಒಣಗಿದ ಎಸಳು ಎರಡೂ ಅಲ್ಲೇ ಇದ್ದವು, ಅಲುಗದೆ. ಗುರವ ಕಲ್ಲಿಗೆ ಕಿವಿಯಿಟ್ಟು ಕೇಳಿ, ಎದ್ದು, ಮೆಲ್ಲಗೆ ಹೇಳಿದ.

"ಘರಾತ ಕೋಣೀ ನಾಹೀ."

ಅಷ್ಟು ಮರಾಠಿ ನನಗೂ ತಿಳಿಯುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲ.

"ಯಾರೂ ಇಲ್ಲಂದ್ರ ಅಡ್ಡಿ ಏನು? ನಾಳಿಂದ ಕೊಡಲಿ ಹಾಕಸ್ತೀನಿ!" ಎಂದು ಮುಕಾದಮ ಕೂಗಾಡಿದ.

ಗುರವ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಯಜಮಾನತಿ ಊರಾಗ ಇಲ್ಲದಾಗ ಮನೀ ಸಾಮಾನು ಮುಟ್ಟಾವ್ರಿಗೆ ಏನಂತಾರ, ಮುಕಾದಮ? ಆಕಿ ತಿರುಗಿ ಬರಲಿ. ಬಂದ ದಿನಾ ಕೇಳೂಣು. ಅಲ್ಲೀತನಕಾ ಒಂದು ಕಡ್ಡಿ ಅಲಗೂದಿಲ್ಲ."

ಊರು ಹೂಂ ಅಂದಿತು. ಕೂಲಿಗಳು ಆಗಲೇ ಗಡಿಗಲ್ಲಿನ ಆಚೆ ಹೋಗಿ ನಿಂತಿದ್ದರು.

ತಿರುಗಿ ಬರುವಾಗ ಎತ್ತುಗಳು ಇಳಿಜಾರಿನಲ್ಲೂ ಏರು ಹತ್ತುವ ಹಾಗೆ ಏದುಸಿರು ಬಿಡುತ್ತಿದ್ದವು. ಗಾಡಿಯವನು ಎರಡು ಸಲ ಹಿಂದಿರುಗಿ ನೋಡಿದ. "ಏನು ಹೇರಿಕೊಂಡು ಬಂದೀರಿ, ಬಾಯೀ?" ಎಂದ. ನಮ್ಮ ಹತ್ತಿರ ಒಂದು ಗಂಟು ಬಿಟ್ಟರೆ ಏನೂ ಇರಲಿಲ್ಲ.

ವಾಡೆಗೆ ಬಂದು ಬೀಗ ತೆಗೆದೆ. ದೀಪ ಹಚ್ಚಿದ ಮೇಲೆ ನೆಲ ಕಂಡಿತು. ನಮ್ಮ ಹೊಸ್ತಿಲಿನಿಂದ ದೇವರ ಮಾಡದ ತನಕ... ಹಳದಿ ಅಕ್ಕಿಯ ಕಾಳು. ಒಂದೊಂದಾಗಿ. ಈ ಸಲ ಒಳಮುಖವಾಗಿ.

ಅಕ್ಕಿ ನಿನ್ನ ಗಂಟಿನಿಂದಲೇ ಉದುರಿರಬೇಕು ಎಂದು ಇವರು ನಕ್ಕುಬಿಟ್ಟರು. ಇವರ ಕೆಲಸ ಹೋಯಿತು. ಇಪ್ಪತ್ತು ದಿನದಲ್ಲಿ ಒಂದು ಶಾಲೆಯಲ್ಲಿ ಕಾರಕೂನನ ಕೆಲಸ ಸಿಕ್ಕಿತು, ದೇವರು ದೊಡ್ಡವನು. ಆಮೇಲೆ ಒಂದು ಅಮಾವಾಸ್ಯೆಯ ರಾತ್ರಿ, ಮುಚ್ಚಿದ ನಮ್ಮ ಕೋಣೆಯಲ್ಲಿ ಕೊಳೆತ ಎಲೆಯ ವಾಸನೆ ಎದ್ದಿತು. ಮಾಡದ ಕಡೆಯಿಂದ ಅದೇ ದಣಿದ ದನಿ.

"ಕಡೀ ಕಾಢೂ?"

ಪಕ್ಕದಲ್ಲಿ ಇವರು ನನ್ನ ಕೈ ಗಟ್ಟಿಯಾಗಿ ಹಿಡಿದರು. ಅವರಿಗೂ ಕೇಳಿಸಿತ್ತು. ಅಂದಿನಿಂದ ನಗುವುದನ್ನು ಬಿಟ್ಟರು.

ಯುದ್ಧ ಮುಗಿದಿದೆ. ಕಳೆದ ತಿಂಗಳು ಆಜಿ ಸೀಗೆಕಾಯಿ ಮಾರಲು ಪುಣೆಗೆ ಬಂದವಳು ಕೇಳುತ್ತಾ ಕೇಳುತ್ತಾ ನಮ್ಮ ಮನೆ ಹುಡುಕಿದಳು. ಮಹಡಿ ಹತ್ತಿ ಬಂದು, ನನ್ನನ್ನು ಮಾತಾಡಿಸುವ ಮೊದಲು ನಮ್ಮ ಹೊಸ್ತಿಲಿಗೆ ಹಣೆ ಹಚ್ಚಿದಳು. ನಾನು ಏನನ್ನೂ ಹೇಳಿರಲಿಲ್ಲ.

"ಕೇಳ್ತಾಳೇನು?" ಎಂದಳು.

ಹೌದೆಂದು ತಲೆಯಾಡಿಸಿದೆ. "ಅಡವಿ ಹೆಂಗದ, ಆಜೀ?"

"ನಿಂತದ. ನಿಂತದ ಅಷ್ಟ. ಒರತೀ ಬತ್ತೇದ. ಸಂಜೀಕ ಹಕ್ಕಿ ಇಳಿಯೂದಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು. "ನಮ್ಮ ಮುದುಕ ಆಕೀನ್ನ ಕರಕೊಂಡು ಬಾ ಅಂತಾನ, ನೀರಿಲ್ಲಾ ಅಂತ. ನಾ ಬ್ಯಾಡಂತೀನಿ. ಮುಕಾದಮ ಇನ್ನೂ ಪ್ರತಿ ಅಮಾಸಿಗೆ ಬಂದು ಕಲ್ಲು ನೋಡಿ ಹೋಗ್ತಾನ. ಆಕಿ ಬಂದ ದಿನಾನೇ ಎಸಳು ಹಚ್ಚಸ್ತಾನ."

"ಆಗ ಆಕಿ ಏನಂತಾಳ?"

"ಯಾರಿಗೆ ಗೊತ್ತು, ಬಾಯೀ? ದಣಿದಾಕಿ ಏನು ಬೇಕಾದ್ರೂ ಅಂದಾಳು."

ನಾನು ಕೊಟ್ಟ ಊಟ ಉಂಡಳು. ಹೋಗುವಾಗ ಚಿಲಕವನ್ನು ಒಮ್ಮೆ ಮುಟ್ಟಿದಳು. ಇರಿಸಿಕೋ ಎಂದೂ ಹೇಳಲಿಲ್ಲ, ಕಳಿಸು ಎಂದೂ ಹೇಳಲಿಲ್ಲ.

ಬೇಡ ಎಂದರೆ ದೇವಿಯನ್ನು ಒಂದು ಬಾಡಿಗೆ ಕೋಣೆಯಲ್ಲಿ ಕೂಡಿಹಾಕಿದ ಪಾಪ. ಹೂಂ ಎಂದರೆ... ಆ ಮರಗಳಿಗೆ ಕೈ ಹಚ್ಚಿ ಅತ್ತ ಹೆಂಗಸಿನ ಮುಖ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ನಾನು ಎರಡನ್ನೂ ಅನ್ನುವುದಿಲ್ಲ. ಆದರೆ ಹೂಂ ನನಗೆ ಅಂಟಿಕೊಂಡ ರೂಢಿ. ನಿದ್ದೆಯಲ್ಲಿ ಯಾರಾದರೂ ಏನಾದರೂ ಕೇಳಿದರೆ ತಾನಾಗಿ ಬಾಯಿಂದ ಬಿದ್ದುಬಿಡುತ್ತದೆ. ಹೀಗಾಗಿ ರಾತ್ರಿ ಸೆರಗಿನ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡೇ ಮಲಗುತ್ತೇನೆ.

ಈಗ ಬರೆಯುವುದನ್ನು ನಿಲ್ಲಿಸಿ ಇವತ್ತಿನ ಉಪಕಾರಗಳನ್ನು ಎಣಿಸಿದೆ. ಸೀಮೆಎಣ್ಣೆ ಸಿಕ್ಕಿತು. ಇವರ ಕೆಮ್ಮು ಇಳಿದಿದೆ. ಬಿಸಿಲಿಗೆ ಹಾಕಿದ ಹಪ್ಪಳ ಮಳೆಗೆ ಸಿಗಲಿಲ್ಲ. ನಿನ್ನೆ ರಾತ್ರಿ ಮೂರು ಸಲ ಕೇಳಿದರೂ ನನ್ನ ಬಾಯಿ ತೆರೆಯಲಿಲ್ಲ.

ನಾಲ್ಕಾದವು. ಐದನೆಯದು ಇನ್ನೂ ಸಿಕ್ಕಿಲ್ಲ... ಚಿಲಕ ಹಾಕಿಯೇ ಇದೆ, ಆದರೂ ದೀಪದ ಕುಡಿ ಈಗಷ್ಟೇ ಬಾಗಿಲಿನ ಕಡೆಗೆ ಬಾಗಿತು.